ಮೂರರಿಂದ ಆರು ವರ್ಷದ ಮಕ್ಕಳಿಗೆ ಬಿಡಿಸಿ ಯೋಚಿಸುವ ಅಭ್ಯಾಸ: ಕೊಡಗಿನ ಮನೆ, ತೋಟದಲ್ಲೇ ಮಾಡಿಸುವುದು ಹೇಗೆ?

"ಮಗು ಎಲ್‌ಕೆಜಿಗೆ ಹೋಗುತ್ತಿದೆ. ನೂರರವರೆಗೆ ಗಡಗಡ ಹೇಳುತ್ತದೆ. ಆದರೆ ಯಾಕೆ, ಹೇಗೆ ಅಂತ ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಯಾವ ಆಪ್ ಹಾಕಿಸೋದು, ಯಾವ ಕಿಟ್ ತರಿಸೋದು?" ಜೂನ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ವಿರಾಜಪೇಟೆಯಿಂದ ಬರುವುದೂ ಇದೇ, ಸೋಮವಾರಪೇಟೆಯಿಂದ ಬರುವುದೂ ಇದೇ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಆಪ್ ಬೇಡ, ಕಿಟ್ಟೂ ಬೇಡ. ನಿಮ್ಮ ಜಗಲಿ, ಅಡುಗೆಮನೆ, ತೋಟ ಸಾಕು. ದಿನಕ್ಕೆ ಹತ್ತು ಹದಿನೈದು ನಿಮಿಷ ನೀವು ಮಗುವಿನ ಜೊತೆ ಕೂರಬೇಕು, ಅಷ್ಟೇ. ಕಷ್ಟದ ಕೆಲಸ ಒಂದೇ ಒಂದು ಇದೆ. ಮಗು ಯೋಚಿಸುತ್ತಿರುವಾಗ ನಾವು ಬಾಯಿ ಮುಚ್ಚಿಕೊಂಡಿರುವುದು.

ವಿಶ್ಲೇಷಣಾ ಶಕ್ತಿ ಅಂದರೆ ಇಲ್ಲಿ ಏನು?

ಪುಸ್ತಕಗಳಲ್ಲಿ ಇದನ್ನು ವಿಶ್ಲೇಷಣಾ ಶಕ್ತಿ ಅನ್ನುತ್ತಾರೆ. ಈ ವಯಸ್ಸಿನ ಮಟ್ಟಿಗೆ ಅದರ ಅರ್ಥ ಸರಳ. ಒಂದು ವಸ್ತುವನ್ನು ಗಮನವಿಟ್ಟು ನೋಡುವುದು, ಇನ್ನೊಂದರ ಜೊತೆ ಹೋಲಿಸುವುದು, ಗುಂಪು ಮಾಡುವುದು, ಮುಂದೆ ಏನಾಗಬಹುದು ಅಂತ ಊಹಿಸಿ ಆಮೇಲೆ ಪರೀಕ್ಷಿಸುವುದು. ಅಂಕಿ ಬರೆಯುವುದು ಇದರಲ್ಲಿ ಇಲ್ಲ. ನೂರರವರೆಗೆ ಬಾಯಿಪಾಠ ಹೇಳುವ ಮಗುವಿಗೆ "ಐದು ಚಮಚ ಕೊಡು" ಅಂದರೆ ಏಳು ಕೊಡಬಹುದು. ಬಾಯಿಪಾಠ ಬೇರೆ, ಲೆಕ್ಕ ಬೇರೆ.

ಮಗುವಿನಿಂದ ಎಷ್ಟು ನಿರೀಕ್ಷೆ ಮಾಡಬಹುದು ಅನ್ನುವುದೂ ಗೊತ್ತಿರಲಿ. ಫಿಲಿಪ್ ಝೆಲಾಝೊ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಬಳಸುವ ಒಂದು ಹೆಸರುವಾಸಿ ಪರೀಕ್ಷೆ ಇದೆ. ಬಣ್ಣ, ಆಕಾರ ಎರಡೂ ಬೇರೆ ಬೇರೆ ಇರುವ ಚಿತ್ರದ ಕಾರ್ಡುಗಳನ್ನು ಮಗುವಿಗೆ ಕೊಡುತ್ತಾರೆ. ಮೊದಲು ಬಣ್ಣ ನೋಡಿ ವಿಂಗಡಿಸು ಅನ್ನುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ, ಈಗ ಆಕಾರ ನೋಡಿ ವಿಂಗಡಿಸು ಅನ್ನುತ್ತಾರೆ. ಮೂರು ವರ್ಷದ ಬಹುತೇಕ ಮಕ್ಕಳು ಹೊಸ ನಿಯಮ ಏನೆಂದು ಬಾಯಲ್ಲಿ ಸರಿಯಾಗಿ ಹೇಳುತ್ತಾರೆ, ಕೈ ಮಾತ್ರ ಬಣ್ಣವನ್ನೇ ಹಿಡಿದು ಹೋಗುತ್ತದೆ. ಐದು ವರ್ಷದ ಹೊತ್ತಿಗೆ ಹೆಚ್ಚಿನವರು ಸಲೀಸಾಗಿ ನಿಯಮ ಬದಲಿಸುತ್ತಾರೆ. ಹಾಗಾಗಿ ಮೂರು ವರ್ಷದ ಮಗು "ಹೇಳಿದ್ದು ಕೇಳೋದಿಲ್ಲ" ಅಂತ ಬೈಯುವ ಮುಂಚೆ ಇದನ್ನು ನೆನಪಿಡಿ. ಅದು ಹಟ ಅಲ್ಲ, ವಯಸ್ಸು.

ಏನೇನು ಬೇಕು?

ಮನೆಯಲ್ಲಿ ಇರುವ ಚಮಚ, ಲೋಟ, ಡಬ್ಬಿ, ಮುಚ್ಚಳ. ತೋಟದ ಎಲೆ, ಕಾಯಿ. ನೇರ ಗೋಡೆಯ ಒಂದು ಪ್ಲಾಸ್ಟಿಕ್ ಬಾಟಲಿ. ಹಳೇ ಕ್ಯಾಲೆಂಡರ್. ಬಣ್ಣದ ಕಾಗದ, ಅಂಟು.

ಶುರು ಮಾಡುವ ಮುಂಚೆ ಅಪಾಯಗಳ ಮಾತು, ಯಾಕೆಂದರೆ ಇವು ನಮ್ಮ ಜಿಲ್ಲೆಗೇ ಸೇರಿದವು. ಕಾಫಿ ಬೀಜ, ಕರಿಮೆಣಸು, ಹುಣಸೆ ಬೀಜ, ಮಣಿ ಇವೆಲ್ಲ ಸಣ್ಣ ಮಕ್ಕಳ ಗಂಟಲಿಗೆ, ಮೂಗಿಗೆ, ಕಿವಿಗೆ ಹೋಗುತ್ತವೆ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಇವನ್ನು ಆಟಕ್ಕೆ ತರಲೇಬೇಡಿ. ದೊಡ್ಡ ಮಗುವಿಗೆ ಕೊಟ್ಟರೂ ನೀವು ಎದುರಿಗೇ ಇರಬೇಕು. ಮಳೆಗಾಲಕ್ಕೆ ಮುಂಚೆ ಮತ್ತು ಮಳೆಯ ನಡುವೆ ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ್ದು. ಎಲೆ ಮೇಲೆ ನೀಲಿ ಕಲೆ ಇದ್ದರೆ ಮಗುವಿನ ಕೈಗೆ ಕೊಡಬೇಡಿ. ತರಗೆಲೆ ರಾಶಿಗೆ ಮಗುವನ್ನು ಕೈ ಹಾಕಲು ಬಿಡಬೇಡಿ, ಹಾವು ಇರಬಹುದು. ಆನೆ ಓಡಾಟ ಇರುವ ಕಡೆ ಬೆಳಗ್ಗೆ ಬೇಗ, ಸಂಜೆ ಮೇಲೆ ತೋಟದ ಪಾಠ ಬೇಡ. ಇನ್ನು ಇಂಬಳ, ಅಂದರೆ ಜಿಗಣೆ. ಅದಕ್ಕೆ ಹೆದರಬೇಕಾಗಿಲ್ಲ, ಆಟದ ನಂತರ ಕಾಲು ನೋಡಿದರೆ ಸಾಕು.

1. ಮೊದಲು ಪ್ರಶ್ನೆ ಕೇಳುವುದನ್ನು ನೀವು ಕಲಿಯಿರಿ

ಇದು ಮಗುವಿನ ಪಾಠವಲ್ಲ, ನಿಮ್ಮದು. ಇದನ್ನು ಬಿಟ್ಟು ಮುಂದಿನ ಆಟಗಳಿಗೆ ಹೋದರೆ ಹೆಚ್ಚು ಉಪಯೋಗವಿಲ್ಲ.

"ಇದು ಯಾವ ಬಣ್ಣ?" ಅಂತ ಕೇಳಿದರೆ ಉತ್ತರ ಒಂದೇ, ಯೋಚನೆ ಸೊನ್ನೆ. "ಇವೆರಡೂ ಯಾವುದರಲ್ಲಿ ಒಂದೇ ಥರ ಇವೆ? ಯಾವುದರಲ್ಲಿ ಬೇರೆ?" ಅಂತ ಕೇಳಿ. "ಈಗ ಏನಾಗಬಹುದು?" ಅಂತ ಕೇಳಿ. ಉತ್ತರ ಬಂದ ಮೇಲೆ "ನಿಂಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ.

"ಎಂತಕ್ಕೆ?" ಅಂತ ನೇರವಾಗಿ ಕೇಳಿದರೆ ಎಷ್ಟೋ ಮಕ್ಕಳು ಹೆದರುತ್ತಾರೆ. ಮನೆಯಲ್ಲಿ ಆ ಮಾತು ಹೆಚ್ಚಾಗಿ ಬರುವುದು ಬೈಯುವಾಗ, ಅಲ್ವಾ? "ಎಂತಕ್ಕೆ ಚೆಲ್ಲಿದ್ದು?" ಅನ್ನುವ ಧಾಟಿಯಲ್ಲೇ ಇದೂ ಕೇಳಿಸುತ್ತದೆ. "ಹೇಗೆ ಗೊತ್ತಾಯ್ತು" ಅನ್ನುವುದು ಮೆತ್ತಗಿದೆ.

ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ಒಂದು ವಿಷಯ ಕಂಡುಕೊಂಡರು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಕಾರಣ ಕೊಡುವುದು ಜಾಸ್ತಿಯಾಯಿತು. ಮನೆಯಲ್ಲಿ ಸಣ್ಣ ಮಗುವಿಗೆ ಐದು ಸೆಕೆಂಡ್ ಕೊಡಿ. ಮನಸ್ಸಿನಲ್ಲೇ ಎಣಿಸಿ. ಅಜ್ಜಿಗೂ ಹೇಳಿಡಿ, ಉತ್ತರ ಪಿಸುಗುಟ್ಟುವವರು ಹೆಚ್ಚಾಗಿ ಅವರೇ.

ಇಲ್ಲಿ ಎಡವುವುದು ಹೀಗೆ: ಮಗು ತಪ್ಪು ಹೇಳಿದಾಗ ಮಾತ್ರ "ಹೇಗೆ ಗೊತ್ತಾಯ್ತು" ಅಂತ ಕೇಳುತ್ತೇವೆ. ಮಕ್ಕಳು ಜಾಣರು. ಅಮ್ಮ ಹಾಗೆ ಕೇಳಿದಳೆಂದರೆ ತಪ್ಪಾಗಿದೆ ಅಂತ ನಾಲ್ಕೇ ದಿನದಲ್ಲಿ ಕಂಡುಹಿಡಿದು ಉತ್ತರ ಬದಲಿಸತೊಡಗುತ್ತಾರೆ. ಸರಿ ಉತ್ತರಕ್ಕೂ ಅದೇ ಪ್ರಶ್ನೆ ಕೇಳಿ.

ಭಾಷೆ ಯಾವುದು? ಮನೆಯದ್ದೇ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎರವ ಭಾಷೆ, ಯಾವುದಾದರೂ ಸರಿ. ಮಗು ಕಾರಣ ಹುಡುಕುತ್ತಿರುವಾಗ ಅದರ ಜೊತೆ ಇಂಗ್ಲಿಷ್ ಪದವನ್ನೂ ಹುಡುಕು ಅನ್ನುವುದು ಎರಡು ಹೊರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಚಿಕ್ಕ ತರಗತಿಗಳಲ್ಲಿ, ಸಾಧ್ಯವಾದ ಕಡೆಯೆಲ್ಲ, ಮನೆಭಾಷೆಯಲ್ಲೇ ಕಲಿಸಿ ಅನ್ನುತ್ತದೆ.

2. ಗುಂಪು ಮಾಡಿಸಿ

ಇದಕ್ಕೆ ವರ್ಗೀಕರಣ ಅನ್ನುತ್ತಾರೆ. ಒಂದೇ ಗುಣ ಇರುವವನ್ನು ಒಂದು ಕಡೆ ಸೇರಿಸುವುದು.

ಮಳೆಗಾಲದಲ್ಲಿ ಜಗಲಿಯಲ್ಲಿ ಸಾಲಾಗಿ ಬಿದ್ದಿರುವ ಗಮ್‌ಬೂಟುಗಳಿಂದ ಶುರು ಮಾಡಿ. ಜೋಡಿ ಸೇರಿಸುವುದು ಮೂರು ವರ್ಷದ ಮಗುವಿಗೂ ಬರುತ್ತದೆ. ಆಮೇಲೆ ದೊಡ್ಡವರದ್ದು, ಚಿಕ್ಕವರದ್ದು. ಆಮೇಲೆ ಎಡ, ಬಲ. ಎಡಬಲ ತುಸು ಕಷ್ಟ, ಬರದಿದ್ದರೆ ಬಿಡಿ.

ಮಳೆ ಬಿಟ್ಟ ದಿನ ಎಲೆ ತನ್ನಿ. ಕಾಫಿ, ಮೆಣಸು, ಸಿಲ್ವರ್ ಓಕ್, ಹಲಸು ಇಷ್ಟು ಸಾಕು. ಒಂದೊಂದೂ ಐದಾರು ಇರಲಿ. "ನಿಂಗೆ ಹೇಗೆ ಬೇಕೋ ಹಾಗೆ ಗುಂಪು ಮಾಡು" ಅನ್ನಿ. ನಿಯಮ ನೀವು ಹೇಳಬೇಡಿ. ಒಂದು ಮಗು ಬಣ್ಣ ನೋಡುತ್ತದೆ, ಇನ್ನೊಂದು ಅಂಚು ನೋಡುತ್ತದೆ. "ಇದು ಅಂಟುತ್ತದೆ, ಇದು ಅಂಟುವುದಿಲ್ಲ" ಅಂತ ಹಲಸಿನ ತೊಟ್ಟು ಮುಟ್ಟಿ ಗುಂಪು ಮಾಡುವ ಮಗುವೂ ಇದೆ. ಅದೂ ಸರಿಯೇ. ಮುಗಿದ ಮೇಲೆ ಎಲ್ಲವನ್ನೂ ಕಲೆಸಿ "ಈಗ ಬೇರೆ ಥರ ಮಾಡು" ಅನ್ನಿ. ಈ ಎರಡನೇ ಸಲವೇ ನಿಜವಾದ ಕೆಲಸ. ಆಗ ಮಗು ಮೊದಲಿನ ನಿಯಮವನ್ನು ಬಿಟ್ಟುಕೊಡಬೇಕು. ಮೇಲೆ ಹೇಳಿದ ಕಾರ್ಡಿನ ಪರೀಕ್ಷೆ ನೋಡುವುದು ಇದನ್ನೇ.

ನಾಲ್ಕು ದಾಟಿದವರಿಗೆ ರೋಬಸ್ಟಾ ಎಲೆ, ಅರೇಬಿಕಾ ಎಲೆ ಎರಡನ್ನೂ ಕೊಟ್ಟು ನೋಡಿ. ರೋಬಸ್ಟಾ ಎಲೆ ದೊಡ್ಡದು, ಅಗಲ. ಆದರೆ ರೋಬಸ್ಟಾದ ಎಳೆ ಎಲೆ ಚಿಕ್ಕದಿರುತ್ತದೆ! ಬರೀ ಅಳತೆ ನೋಡಿದರೆ ಸಾಲದು ಅಂತ ಮಗುವಿಗೆ ತಾನೇ ಹೊಳೆದಾಗ ಮುಖ ನೋಡಬೇಕು.

ಐದು ದಾಟಿದವರಿಗೆ ಇದನ್ನೇ ತಿರುಗಿಸಿ. ನೀವು ಗುಂಪು ಮಾಡಿ, "ನನ್ನ ನಿಯಮ ಯಾವುದು ಹೇಳು" ಅನ್ನಿ. ಒಂದು ವಸ್ತುವನ್ನು ಬೇಕೆಂದೇ ತಪ್ಪು ಗುಂಪಿಗೆ ಹಾಕಿ. ಅಪ್ಪ ತಪ್ಪು ಮಾಡಿದ್ದನ್ನು ಹಿಡಿಯುವುದಕ್ಕಿಂತ ದೊಡ್ಡ ಖುಷಿ ಮಕ್ಕಳಿಗೆ ಬೇರೆ ಇಲ್ಲ.

ಒಂದು ಮಾತು. ಐದು ಕಿತ್ತಳೆ, ಎರಡು ಬಾಳೆಹಣ್ಣು ಇಟ್ಟು "ಕಿತ್ತಳೆ ಜಾಸ್ತಿನಾ, ಹಣ್ಣು ಜಾಸ್ತಿನಾ?" ಅಂತ ಕೇಳಿದರೆ ಈ ವಯಸ್ಸಿನವರು "ಕಿತ್ತಳೆ" ಅನ್ನುತ್ತಾರೆ. ಕಿತ್ತಳೆಯೂ ಹಣ್ಣೇ ಅಂತ ಗೊತ್ತಿದ್ದರೂ ಎರಡನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿಯುವುದು ಇನ್ನೂ ಬಂದಿಲ್ಲ. ತಿದ್ದಲು ಹೋಗಬೇಡಿ.

3. ಸಾಲಾಗಿ ಜೋಡಿಸಿ

ಚಿಕ್ಕದರಿಂದ ದೊಡ್ಡದಕ್ಕೆ, ಹಗುರದಿಂದ ಭಾರಕ್ಕೆ ಕ್ರಮವಾಗಿ ಇಡುವುದು. ಇದಕ್ಕೆ ಅಡುಗೆಮನೆಯೇ ಜಾಗ, ಅದರಲ್ಲೂ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮಾಡುವ ದಿನ. ತರಿ ಬೇಯಿಸಿದ ಹಿಟ್ಟು ಮುಟ್ಟುವಷ್ಟು ಆರಿದ ಮೇಲೆ ಮಗುವಿಗೆ ಸ್ವಲ್ಪ ಕೊಡಿ. ಮೂರು ಉಂಡೆ ಕಟ್ಟಲಿ: ಚಿಕ್ಕದು, ನಡುವಿನದು, ದೊಡ್ಡದು. ಸಾಲಾಗಿ ಇಡಲಿ. ಆಮೇಲೆ ನೀವು ಇನ್ನೊಂದು ಉಂಡೆ ಕೊಟ್ಟು "ಇದು ಎಲ್ಲಿಗೆ ಬರಬೇಕು?" ಅಂತ ಕೇಳಿ. ಹೊಸದನ್ನು ಸಾಲಿನ ನಡುವೆ ಸೇರಿಸಲು ಎರಡೂ ಪಕ್ಕ ಹೋಲಿಸಬೇಕು. ಇದಕ್ಕಿಂತ ದೊಡ್ಡದು, ಅದಕ್ಕಿಂತ ಚಿಕ್ಕದು. ಮೂರರ ವಯಸ್ಸಿಗೆ ಮೂರು ವಸ್ತು ಸಾಕು, ಐದರ ಹೊತ್ತಿಗೆ ಐದಾರು. ಶುರುವಿಗೇ ಹತ್ತು ಕೊಟ್ಟರೆ ಮಗು ಎದ್ದು ಹೋಗುತ್ತದೆ.

ಉಗಿಯ ಪಾತ್ರೆ ಹತ್ತಿರ ಮಾತ್ರ ಮಗು ಬೇಡ.

ಹಿಟ್ಟು ಕೈಯಲ್ಲಿ ಇರುವಾಗಲೇ ಇನ್ನೊಂದು ನೋಡಿಬಿಡಿ. ಒಂದೇ ಅಳತೆಯ ಎರಡು ಉಂಡೆ ಮಾಡಿ, "ಎರಡೂ ಸಮವಾ?" ಅಂತ ಮಗುವಿನಿಂದ ಒಪ್ಪಿಗೆ ಪಡೆಯಿರಿ. ಒಂದನ್ನು ರೊಟ್ಟಿಯ ಹಾಗೆ ತಟ್ಟಿ. "ಈಗ ಯಾವುದರಲ್ಲಿ ಹಿಟ್ಟು ಜಾಸ್ತಿ?" ನಾಲ್ಕು ವರ್ಷದ ಮಗು ರೊಟ್ಟಿ ಅನ್ನುವ ಸಾಧ್ಯತೆ ಹೆಚ್ಚು. ಆಕಾರ ಬದಲಾದರೂ ಪ್ರಮಾಣ ಬದಲಾಗದು ಅನ್ನುವ ತಿಳಿವಳಿಕೆಗೆ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಸಂರಕ್ಷಣೆ ಅಂತ ಹೆಸರಿಟ್ಟರು. ಅದು ಸಾಮಾನ್ಯವಾಗಿ ಆರೇಳು ವರ್ಷಕ್ಕೆ ಬರುತ್ತದೆ. ಮುಂಚೆ ಕಲಿಸಿದರೆ ಮಗು ಉತ್ತರ ಕಲಿಯುತ್ತದೆ, ವಿಷಯವನ್ನಲ್ಲ. ಸುಮ್ನೆ ಕೇಳಿ, ನಕ್ಕು, ಆರು ತಿಂಗಳು ಬಿಟ್ಟು ಮತ್ತೆ ಕೇಳಿ.

4. ವಿನ್ಯಾಸ ಹಿಡಿಯುವುದು

ವಿನ್ಯಾಸ ಅಂದರೆ ಮರುಕಳಿಸುವ ಕ್ರಮ, ಪ್ಯಾಟರ್ನ್. ಹಳದಿ ಚೆಂಡು ಹೂ, ಕೆಂಪು ದಾಸವಾಳ, ಹಳದಿ, ಕೆಂಪು. ಮೊದಲು ನೋಡಿ ಹಾಗೇ ಮಾಡಲಿ, ಆಮೇಲೆ ಮುಂದುವರಿಸಲಿ. ಕೊನೆಗೆ ನಡುವಿನ ಒಂದನ್ನು ಮುಚ್ಚಿ "ಇಲ್ಲಿ ಏನಿತ್ತು?" ಅಂತ ಕೇಳಿ. ಕ್ರಮವನ್ನು ಮೂರು ಸಲವಾದರೂ ಪೂರ್ತಿ ತೋರಿಸಿದ ಮೇಲೆ ಪ್ರಶ್ನೆ ಕೇಳಬೇಕು. "ಹಳದಿ, ಕೆಂಪು, ಮುಂದೆ?" ಅಂದರೆ ಯಾವ ಉತ್ತರವೂ ಸರಿಯಾಗಬಹುದು. ಎಷ್ಟೋ ವರ್ಕ್‌ಶೀಟ್‌ಗಳಲ್ಲೇ ಈ ತಪ್ಪಿದೆ. ಚಪ್ಪಾಳೆ, ತೊಡೆ ತಟ್ಟುವುದರಲ್ಲೂ ಇದನ್ನು ಆಡಬಹುದು, ಕರೆಂಟ್ ಹೋದ ಸಂಜೆಗೆ ಒಳ್ಳೆಯದು.

5. ಮಳೆ ಅಳೆಯಿರಿ

ನನ್ನನ್ನು ಕೇಳಿದರೆ ಕೊಡಗಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಬೇರೆ ಏನೂ ಮಾಡಲು ಸಮಯವಿಲ್ಲದಿದ್ದರೂ ಇದೊಂದು ಮಾಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆ ಬರೆದಿಟ್ಟ ಪುಸ್ತಕ ಇದೆ. ಇಂಚು, ಸೆಂಟ್ ಲೆಕ್ಕ, ನೂರು ಸೆಂಟಿಗೆ ಒಂದು ಇಂಚು. ಮಗುವಿಗೆ ಆ ಲೆಕ್ಕ ಬೇಡ. ಅಂಕಿಯೇ ಇಲ್ಲದೆ ಮಾಡುವ ದಾರಿ ಹೀಗೆ.

ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ. ಈ ಕೆಲಸ ನಿಮ್ಮದು, ಅಂಚಿಗೆ ಟೇಪ್ ಸುತ್ತಿ. ಕತ್ತರಿಸಿದ ಭಾಗವನ್ನು ಮುಚ್ಚಳ ತೆಗೆದು ತಲೆಕೆಳಗಾಗಿ ಬಾಟಲಿಯೊಳಗೆ ಇಡಿ, ಆಲಿಕೆಯಾಗುತ್ತದೆ. ಬಾಟಲಿಯ ತಳ ಉಬ್ಬುತಗ್ಗು ಇರುವುದರಿಂದ ಒಂದಿಷ್ಟು ಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ಹಾಕಿ, ಆ ಮಟ್ಟಕ್ಕೆ ಗೆರೆ ಎಳೆಯಿರಿ. ಅಲ್ಲಿಂದ ಮೇಲೆ ಬಂದದ್ದೆಲ್ಲ ಮಳೆ. ಕಲ್ಲಿನ ಭಾರಕ್ಕೆ ಗಾಳಿಗೂ ಬೀಳುವುದಿಲ್ಲ. ಬಾಟಲಿಯನ್ನು ಬಯಲಲ್ಲಿ ಇಡಿ. ಮಾಡಿನ ನೀರು, ಮರದ ಹನಿ ಬೀಳುವಲ್ಲಿ ಇಟ್ಟರೆ ಲೆಕ್ಕ ಕೆಡುತ್ತದೆ.

ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಮಗು ಬಣ್ಣದ ಕಾಗದದ ಪಟ್ಟಿಯನ್ನು ಗೆರೆಯಿಂದ ನೀರಿನ ಮಟ್ಟಕ್ಕೆ ಹಿಡಿದು, ಅಷ್ಟಕ್ಕೆ ಕತ್ತರಿಸಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಟಿಸಲಿ. ಆಮೇಲೆ ನೀರನ್ನು ಗೆರೆಗೆ ಇಳಿಸಿ. ಮರುದಿನದ ಪಟ್ಟಿ ಪಕ್ಕದಲ್ಲಿ, ಬುಡ ಎಲ್ಲದಕ್ಕೂ ಒಂದೇ ಸಾಲಿನಲ್ಲಿ. ವಾರ ಕಳೆದರೆ ಗೋಡೆ ಮೇಲೆ ನಿಜವಾದ ನಕ್ಷೆ ಸಿದ್ಧ. ಒಂದು ಅಂಕಿಯನ್ನೂ ಬರೆಯದೆ ಮಗು ಅದನ್ನು ಓದುತ್ತದೆ. ಯಾವ ದಿನ ಜಾಸ್ತಿ? ಯಾವ ದಿನ ಬರಲೇ ಇಲ್ಲ? ಶಾಲೆಗೆ ರಜೆ ಕೊಟ್ಟ ದಿನ ಯಾವುದು ಅಂತ ಪಟ್ಟಿ ನೋಡಿ ಹೇಳಬಹುದಾ? ರಾತ್ರಿ ಮಲಗುವಾಗ ಹಂಚಿನ ಮೇಲಿನ ಸದ್ದು ಕೇಳಿ "ನಾಳೆ ಪಟ್ಟಿ ಇವತ್ತಿಗಿಂತ ಉದ್ದವಾ, ಗಿಡ್ಡವಾ?" ಅಂತ ಊಹಿಸಲಿ. ಬೆಳಗ್ಗೆ ನೋಡಲಿ. ಊಹೆ ತಪ್ಪಿದರೆ "ಓ, ಬೇರೆ ಆಯ್ತಲ್ಲ" ಅನ್ನಿ, ಅಷ್ಟೇ. "ನೋಡು, ತಪ್ಪು" ಅಂದರೆ ಮರುದಿನದಿಂದ ಊಹೆ ನಿಲ್ಲುತ್ತದೆ.

ಜೋರು ಮಳೆಗೆ ಬಾಟಲಿ ತುಂಬಿ ಹರಿದರೆ? ಅದನ್ನೂ ಮಗುವಿಗೇ ಕೇಳಿ. "ಹರಿದುಹೋಗಿದೆ, ಎಷ್ಟು ಬಂತೆಂದು ಗೊತ್ತಾಗುತ್ತದಾ?" ಗೊತ್ತಾಗದು ಅನ್ನುವುದೂ ಒಂದು ಒಳ್ಳೆಯ ಉತ್ತರವೇ.

ಕುಶಾಲನಗರದ ಕಡೆ ನೆಂಟರು ಇದ್ದರೆ ಅಲ್ಲೂ ಒಂದು ಬಾಟಲಿ ಇಡಲು ಹೇಳಿ, ಅಳತೆ ಮತ್ತು ಆಕಾರ ಇದೇ ಇರಲಿ. ಭಾಗಮಂಡಲದ ಅಥವಾ ಮಡಿಕೇರಿಯ ಮಗು ಎರಡೂ ಪಟ್ಟಿಗಳನ್ನು ಪಕ್ಕದಲ್ಲಿ ಇಟ್ಟು ನೋಡಿದಾಗ ಹುಟ್ಟುವ ಪ್ರಶ್ನೆಗೆ ನೀವೇ ಉತ್ತರ ಹುಡುಕಬೇಕಾದೀತು. ಪಡುವಣದಿಂದ ಬರುವ ಮೋಡ ಬೆಟ್ಟಕ್ಕೆ ತಗುಲಿ ಅಲ್ಲೇ ಹೆಚ್ಚು ಸುರಿಸುತ್ತದೆ, ಬೆಟ್ಟ ದಾಟಿ ಮೂಡಣಕ್ಕೆ ಹೋದಷ್ಟೂ ಕಮ್ಮಿ ಅಂತ ಹೇಳಿದರೆ ಸಾಕು.

6. ಕಾರಣ ಹುಡುಕುವುದು

ಇದರಿಂದ ಅದಾಯಿತು ಅನ್ನುವ ಸಂಬಂಧ. ಸುತ್ತ ನೋಡಿದರೆ ಉದಾಹರಣೆಗೆ ಬರ ಇಲ್ಲ.

ಕಕ್ಕಡ ತಿಂಗಳಲ್ಲಿ, ಆಗಸ್ಟ್ ಮೊದಲ ವಾರದ ಹೊತ್ತಿಗೆ ಮದ್ದುಸೊಪ್ಪು ತರುತ್ತೀರಲ್ಲ, ಆಗ ಮಗುವನ್ನು ಕರೆಯಿರಿ. ಎಲೆ ಹಸಿರು. "ಬೇಯಿಸಿದ ನೀರು ಯಾವ ಬಣ್ಣ ಆಗಬಹುದು?" ಹಸಿರು ಅನ್ನುತ್ತದೆ. ನೀರು ಕಡುನೇರಳೆಯಾದಾಗ ನೀವು ವಿವರಿಸಲು ಹೋಗಬೇಡಿ. "ಬಣ್ಣ ಎಲ್ಲಿಂದ ಬಂತು?" ಅಂತ ಕೇಳಿ ಬಿಡಿ. ಆ ನೀರಲ್ಲಿ ಮಾಡಿದ್ದನ್ನು ತಿಂದ ಮರುದಿನ ಉಚ್ಚೆಯ ಬಣ್ಣ ನೋಡಿ ಬರುವ ಪ್ರಶ್ನೆಗೂ ತಯಾರಿರಿ.

ಕೊಯ್ಲಿನ ಕಾಲದಲ್ಲಿ ಒಂದು ಬೋಗುಣಿ ನೀರಿಗೆ ಕಾಫಿ ಹಣ್ಣು ಹಾಕಿಸಿ. ಕೆಲವು ಮುಳುಗುತ್ತವೆ, ಕೆಲವು ತೇಲುತ್ತವೆ. ಪಲ್ಪಿಂಗ್ ಮಾಡುವವರು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವವರು, ತೇಲುಕಾಯಿ ತೆಗೆಯುವುದು ಹೀಗೆಯೇ. ತೇಲಿದ್ದನ್ನೂ ಮುಳುಗಿದ್ದನ್ನೂ ಬಿಡಿಸಿ ತೋರಿಸಿ. ಒಂದರಲ್ಲಿ ಬೀಜ ಗಟ್ಟಿ, ಇನ್ನೊಂದು ಜೊಳ್ಳು ಅಥವಾ ಹುಳು ತಿಂದದ್ದು. ಬಿಡಿಸುವ ಮುಂಚೆ ಊಹೆ ಕೇಳುವುದನ್ನು ಮರೆಯಬೇಡಿ. ಆಟ ಮುಗಿದ ಕೂಡಲೇ ನೀರು ಚೆಲ್ಲಿ. ಸ್ವಲ್ಪವೇ ನೀರಿದ್ದರೂ ಸಣ್ಣ ಮಗುವಿಗೆ ಅಪಾಯ.

ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನ ಕ್ಯಾಲೆಂಡರಿಗೆ ಗುರುತು ಹಾಕಿಸಿ. ವಾರದಿಂದ ಹತ್ತು ದಿನದಲ್ಲಿ ಕಾಫಿ ಅರಳುತ್ತದೆ. ದಿನಕ್ಕೊಂದು ಗೆರೆ ಹಾಕುತ್ತ ಮೊಗ್ಗು ನೋಡಲಿ. ಇನ್ನು ಸ್ಪ್ರಿಂಕ್ಲರ್ ಹಾಕಿದ ರೋಬಸ್ಟಾ ತೋಟ ಹತ್ತಿರದಲ್ಲಿದ್ದರೆ ನಿಮ್ಮ ಅದೃಷ್ಟ. "ಮಳೆಯೇ ಬರಲಿಲ್ಲ, ಅವರ ತೋಟ ಹೇಗೆ ಹೂ ಬಿಟ್ಟಿತು?" ಅಂತ ಕೇಳಿ. ಮಳೆಯಿಂದ ಹೂ ಅಂದುಕೊಂಡಿದ್ದ ಮಗು ನೀರಿನಿಂದ ಹೂ ಅನ್ನುವಲ್ಲಿಗೆ ಬರಬೇಕು. ಐದೂವರೆ ವರ್ಷದ ಮಗು ಒಮ್ಮೊಮ್ಮೆ ತಾನೇ ಬರುತ್ತದೆ. ಬರದಿದ್ದರೆ ಮುಂದಿನ ವರ್ಷವೂ ಕಾಫಿ ಹೂ ಬಿಡುತ್ತದೆ.

ಇಲ್ಲಿ ಅವಸರ ಪಡುವವರೇ ಹೆಚ್ಚು. ಮಗು "ಮೋಡಕ್ಕೆ ಬೇಜಾರಾಗಿ ಮಳೆ ಬಂತು" ಅಂದರೆ ಕೂಡಲೇ ವಿಜ್ಞಾನ ಹೇಳಬೇಡಿ. "ಮೋಡ ಇದ್ದೂ ಮಳೆ ಬಾರದ ದಿನ ನೋಡಿದ್ದೀಯಾ?" ಅಂತ ಕೇಳಿ.

7. ದಿನದಲ್ಲಿ ಎಲ್ಲಿ ಹೊಂದಿಸುವುದು?

ಕೊಯ್ಲಿನ ಸಮಯದಲ್ಲಿ ಯಾರಿಗೂ ಪುರುಸೊತ್ತಿಲ್ಲ, ಲೈನ್ ಮನೆಯಲ್ಲಿರುವ ತೋಟದ ಕೆಲಸದವರಿಗಂತೂ ಸಂಜೆಯೇ ಸಿಗುವುದು. ಬೇರೆ ಸಮಯ ಮಾಡಿಕೊಳ್ಳಬೇಡಿ. ಬಟ್ಟೆ ಮಡಿಸುವಾಗ ಗುಂಪು, ಬಡಿಸುವಾಗ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ, ಕಿತ್ತಳೆ ಸುಲಿಯುವ ಮುಂಚೆ "ಒಳಗೆ ಎಷ್ಟು ತೊಳೆ ಇರಬಹುದು?" ಅನ್ನುವ ಊಹೆ. ಮಗು ಬೇಡ ಅಂದ ದಿನ ಬಿಡಿ.

ಮೊಬೈಲ್ ಬಗ್ಗೆ ಕೇಳುವವರಿಗೆ: 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆಯಂತೆ ಎರಡರಿಂದ ನಾಲ್ಕು ವರ್ಷದವರು ಕೂತು ಸ್ಕ್ರೀನ್ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೆಯದು. "ಬುದ್ಧಿ ಬೆಳೆಸುವ" ಆಪ್‌ಗಳಲ್ಲಿ ನನಗೆ ಕಾಣುವ ತೊಂದರೆ ಬೇರೆಯೇ. ಸರಿ ಉತ್ತರ ಸಿಗುವವರೆಗೆ ಎಲ್ಲವನ್ನೂ ಒತ್ತುತ್ತಾ ಹೋದರೂ ನಕ್ಷತ್ರ ಬೀಳುತ್ತದೆ. ಹೇಗೆ ಗೊತ್ತಾಯ್ತು ಅಂತ ಆಪ್ ಕೇಳುವುದಿಲ್ಲ.

ಯಾವಾಗ ಯಾರನ್ನಾದರೂ ಕೇಳಬೇಕು?

ಪಕ್ಕದ ಮನೆಯ ಮಗು ಮುಂದಿದೆ ಅನ್ನುವುದು ಕಾರಣವಲ್ಲ. ಆದರೆ ಮೂರು ದಾಟಿದರೂ ಸಣ್ಣ ವಾಕ್ಯ ಆಡದಿದ್ದರೆ, ಕರೆದರೆ ತಿರುಗದಿದ್ದರೆ, ವಸ್ತುಗಳನ್ನು ತೀರಾ ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದರೆ, ಮೊದಲು ಬರುತ್ತಿದ್ದದ್ದು ಈಗ ಬಾರದಿದ್ದರೆ ತಡಮಾಡಬೇಡಿ. ಎಷ್ಟೋ ಸಲ ತೊಂದರೆ ಯೋಚನೆಯಲ್ಲಿ ಇರುವುದಿಲ್ಲ, ಕಿವಿಯಲ್ಲೋ ಕಣ್ಣಲ್ಲೋ ಇರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ಉಚಿತವಾಗಿ ನೋಡಬೇಕೆಂಬ ನಿಯಮವಿದೆ. ಮುಂದಿನ ಸಲ ಯಾವಾಗ ಅಂತ ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಳ್ಳಿ, ಆ ದಿನ ಮಗುವನ್ನು ತಪ್ಪಿಸಬೇಡಿ. ತಾಯಿ ಕಾರ್ಡ್ ಜೊತೆಗಿರಲಿ. ನೀವು ಗಮನಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಲ್ಲಿ ನಿಂತಾಗ ಅರ್ಧ ಮರೆತುಹೋಗುತ್ತದೆ.